ಮರಳಿಗೆ ನೆಟ್ಟ ಕ್ರಿಸ್‌ಮಸ್ ಮರಗಳು

ಜನವರಿ ಬಂತೆಂದರೆ ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ನಮ್ಮ ಮನೆಯ ಹತ್ತಿರದ ಮೈದಾನದ ಮೂಲೆಗೆ ಜನ ತಮ್ಮ ಕ್ರಿಸ್‌ಮಸ್ ಮರಗಳನ್ನು ತಂದು ಗುಡ್ಡೆ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಯಾರಿಗೂ ಬೇಡದ ಮರಗಳು. ಮೊನ್ನೆ ಕೊತ್ತಂಬರಿ ಸೊಪ್ಪು ತರಲು ಹೋದವಳು ಆ ಗುಡ್ಡೆಯ ಪಕ್ಕ ಹಾದೆ. ಮಳೆಗೆ ನೆನೆದ ಮರದ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಇಲ್ಲಿಯವರಿಗೆ ಅದು ಹಬ್ಬದ ವಾಸನೆ. ನನಗೆ ಅದು ಪಶ್ಚಿಮ ಕರಾವಳಿಯ ಸ್ಲೈಗೋದಲ್ಲಿ ಕಳೆದ ಒಂದು ಚಳಿಗಾಲದ ವಾಸನೆ.

ಆ ವರ್ಷ ನಮ್ಮ ಯಜಮಾನರಿಗೆ ಸ್ಲೈಗೋ ಆಸ್ಪತ್ರೆಯಲ್ಲಿ ಕೆಲಸ. ಅವರು ಡ್ಯೂಟಿಗೆ, ಮಗಳು ಮಾನ್ಯ ಶಾಲೆಗೆ ಹೋದರೆ ಮನೆಯಲ್ಲಿ ನಾನು ಮತ್ತು ನಂಜುಂಡೇಶ್ವರನ ಫೋಟೋ. ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕಿದ್ದನ್ನೆಲ್ಲ ಸ್ವಾಮಿಗೆ ಹೇಳಿ ಒಪ್ಪಿಸುವುದು ನನ್ನ ರೂಢಿ. ಬಟ್ಟೆ ಒಣಗಿತು, ಮಗಳು ಊಟದ ಡಬ್ಬಿ ಖಾಲಿ ಮಾಡಿ ತಂದಳು, ಬಸ್ಸಿನವನು ನಾನು ಓಡಿ ಬರುವುದನ್ನು ನೋಡಿ ನಿಲ್ಲಿಸಿದ. ಇಂಥವೇ. ಆದರೆ ಆ ಚಳಿಗಾಲದ ಶುರುವಿಗೆ ಒಪ್ಪಿಸಲು ಏನೂ ಇಲ್ಲದ ದಿನಗಳೇ ಜಾಸ್ತಿಯಾದವು. ಆಗ ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡೆ: ಮರಳು ದಿಬ್ಬ ಕಾಯುವ ಕೆಲಸಕ್ಕೆ ಜನ ಬೇಕು, ಸಂಬಳವಿಲ್ಲ, ಚಹಾ ಉಂಟು.

"ಮರಳು ಕಾಯೋಕೆ ಹೋಗ್ತೀಯಾ?" ಎಂದು ನಕ್ಕರು ಯಜಮಾನರು. "ಯಾರು ಕದೀತಾರೆ ಅಂತೆ?"

"ಸಮುದ್ರ ಅಂತೆ ರೀ," ಎಂದೆ. ಚೀಟಿಯಲ್ಲಿ ಹಾಗೇ ಬರೆದಿತ್ತು.

ನಾನು ಟಿ. ನರಸೀಪುರದ ಕಡೆಯವಳು. ತಲಕಾಡಿನ ಮರಳಲ್ಲಿ ಆಡಿದವಳಿಗೆ ಮರಳೇನು ಹೊಸದಲ್ಲ. ಸ್ಲೈಗೋದಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಸಮುದ್ರ. ಅದಕ್ಕೂ ಅಲ್ಲಿನ ಹಳ್ಳಿಗೂ ನಡುವೆ ಎತ್ತರದ ದಿಬ್ಬಗಳು, ಮೇಲೆಲ್ಲ ಕೈ ಕೊಯ್ಯುವಂಥ ಉದ್ದ ಹುಲ್ಲು. ಸರ್ಕಾರದ ಜಾಗ, ಅಂದರೆ ಎಲ್ಲರ ಜಾಗ. ಅದನ್ನು ನೋಡಿಕೊಳ್ಳಲು ಒಂದು ಪುಟ್ಟ ಟ್ರಸ್ಟ್, ಹಳೆಯ ಶಾಲೆಯ ಕೋಣೆಯಲ್ಲಿ ಅದರ ಕಚೇರಿ. ಡೆಕ್ಲನ್ ಅದರ ಮುಖ್ಯಸ್ಥ; ಮರಳು ಹೇಗೆ ಹರಿಯುತ್ತದೆಂದು ಕಾಲೇಜಿನಲ್ಲಿ ಓದಿ ಬಂದವನು. "ಇದು ನಮ್ಮ ಮರುಭೂಮಿ ಶೈಲಾ. ಒಂದೇ ತೊಂದರೆ ಅಂದ್ರೆ ದಿನಾ ಮಳೆ ಬೀಳುತ್ತೆ," ಎಂದು ಮೊದಲ ದಿನವೇ ಹೇಳಿದ್ದ. ಈಫಾ ನನ್ನ ವಯಸ್ಸಿನ ಹೆಂಗಸು, ಗಿಡ ಪಕ್ಷಿಗಳ ಲೆಕ್ಕ ಅವಳದು. ಮತ್ತೆ ನೋರಾ. ಎಪ್ಪತ್ತು ದಾಟಿದವರು. ಟ್ರಸ್ಟ್ ಹುಟ್ಟಿದಾಗಿನಿಂದ ಅಲ್ಲಿದ್ದವರು. ಒಂದು ಕಾಲಕ್ಕೆ ಆ ದಿಬ್ಬಗಳನ್ನು ಮಟ್ಟ ಮಾಡಿ ಗಾಲ್ಫ್ ಮೈದಾನ ಮಾಡಲು ಬಂದವರನ್ನು ವರ್ಷಗಟ್ಟಲೆ ಎದುರಿಸಿ ಓಡಿಸಿದ್ದು ಇವರೇ.

ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಬರಲಿಲ್ಲ. "ನೋರಾ ಆಂಟಿ" ಎಂದೆ.

"ಇನ್ನೊಂದ್ಸಲ ಆಂಟಿ ಅಂದ್ರೆ ನಿನಗೆ ಚಹಾ ಇಲ್ಲ," ಎಂದರು. ಚಹಾ ಮಾತ್ರ ಕೊಟ್ಟರು.

ಜನವರಿಯ ಕೆಲಸ ಮರ ನೆಡುವುದು. ಊರಿನವರು ತಂದುಕೊಟ್ಟ ಕ್ರಿಸ್‌ಮಸ್ ಮರಗಳನ್ನು ದಿಬ್ಬದ ಬುಡದಲ್ಲಿ ಸಾಲಾಗಿ ಗುಂಡಿ ತೋಡಿ ಅರ್ಧ ಹೂಳುತ್ತಾರೆ. ಗಾಳಿ ಹೊತ್ತು ತರುವ ಮರಳು ಕೊಂಬೆಗಳಿಗೆ ಸಿಕ್ಕಿ ಅಲ್ಲೇ ಬೀಳುತ್ತದೆ, ಬಿದ್ದ ಮರಳಿನ ಮೇಲೆ ಹುಲ್ಲು ಹಿಡಿಯುತ್ತದೆ, ಮೆಲ್ಲಗೆ ಹೊಸ ದಿಬ್ಬ ಏಳುತ್ತದೆ. ಎಲ್ಲ ಕೈಕೆಲಸ. ಯಂತ್ರ ತರುವಂತಿಲ್ಲ, ಕಲ್ಲು ಪೇರಿಸುವಂತಿಲ್ಲ. ನಾನು ಮತ್ತು ನೋರಾ ಕೊಂಬೆಗಳಲ್ಲಿ ಉಳಿದ ಜರಿ, ಗಾಜಿನ ಗುಂಡು ಬಿಡಿಸುತ್ತಿದ್ದೆವು. ಎರಡು ಸ್ವೆಟರ್ ಹಾಕಿದರೂ ನಡುಗುತ್ತಿದ್ದೆ. ಆದರೆ ಸಂಜೆ ದೀಪದ ಮುಂದೆ ಹೇಳಲು ತುಂಬ ಇರುತ್ತಿತ್ತು.

ಕಡಲ ದಾರಿಯಲ್ಲಿ ಪ್ಯಾಟ್ ಎಂಬುವರ ಅಂಗಡಿ. ನೋರಾ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಂತೆ. ದಿಬ್ಬದ ಮೇಲೆ ಐಸ್‌ಕ್ರೀಂ ಗಾಡಿ ನಿಲ್ಲಿಸಲು ಟ್ರಸ್ಟ್ ಬಿಡಲಿಲ್ಲವೆಂದು ಅವರಿಗೆ ಹಳೆಯ ಸಿಟ್ಟು. ನಾವು ಮರ ಹೊತ್ತು ಹೋಗುವಾಗ ಬಾಗಿಲಲ್ಲೇ ನಿಂತಿರುತ್ತಿದ್ದರು.

"ಏನ್ ನೋರಾ, ಇವತ್ತು ಎಷ್ಟು ಮರಳು ಹಿಡಿದೆ?"

"ನಿನ್ನ ತಲೇಲಿ ಇರೋದಕ್ಕಿಂತ ಜಾಸ್ತಿ."

ಇದು ದಿನಾ ನಡೆಯುವ ಮಾತು. ಇಬ್ಬರಿಗೂ ಅದಿಲ್ಲದೆ ಆಗುತ್ತಿರಲಿಲ್ಲವೇನೋ.

ಮರದ ಸಾಲು ಎಲ್ಲಿ ಬರಬೇಕೆಂದು ಡೆಕ್ಲನ್‌ಗೂ ನೋರಾಗೂ ಮಾತಿಗೆ ಮಾತಾಯಿತು. ಸಮುದ್ರಕ್ಕೆ ಇಳಿಯುವ ಕಾಲುಹಾದಿ, ಅದರ ಹಿಂದೆ ಕಾರು ನಿಲ್ಲಿಸುವ ಜಾಗ. ಹಾದಿಯ ಪಕ್ಕದಲ್ಲೇ ದಿಬ್ಬಗಳ ನಡುವೆ ಒಂದು ತಗ್ಗು.

"ಈ ಸಲ ಮರ ತಗ್ಗಿನ ಮುಂದೆ ಬರ್ಲಿ," ಎಂದರು ನೋರಾ.

"ಪ್ರತಿ ವರ್ಷ ಇದನ್ನೇ ಹೇಳ್ತೀರಿ. ಆ ತಗ್ಗಲ್ಲಿ ಏನಿದೆ ನೋರಾ? ಹಾದಿ ಒಡೆದ್ರೆ ನೀರು ಒಳಗೆ ನುಗ್ಗುತ್ತೆ. ಊರವರು ಮರ ಕೊಡೋದೂ ಹಾದಿ ಉಳೀಲಿ ಅಂತಾನೇ."

"ತಗ್ಗಲ್ಲಿ ನೇರಳೆ ಬಣ್ಣದ ಹೂ ಬಿಡುತ್ತೆ."

"ಹೂ ಎಲ್ಲಾ ಕಡೆ ಬಿಡುತ್ತೆ," ಎಂದಳು ಈಫಾ, ಮೆತ್ತಗೆ.

"ಸರಿ. ಗ್ರ್ಯಾಂಡ್. ಹಾಗೇ ಆಗ್ಲಿ," ಎಂದು ನೋರಾ ಜರಿ ಬಿಡಿಸುವುದಕ್ಕೆ ತಿರುಗಿದರು.

ಒಂದು ಶನಿವಾರ ಮಾನ್ಯಳೂ ಬಂದಿದ್ದಳು. ಮಕ್ಕಳಿಗೆ ತಗ್ಗು ಕಂಡರೆ ಜಾರಬೇಕು. ಅವಳು ಇಳಿದದ್ದೇ ತಡ ನೋರಾ ಗದರಿದರು. "ಅಲ್ಲಿಂದ ಮೇಲೆ ಬಾ. ಈಗಲೇ." ಅಂಥ ದನಿ ಅವರಿಂದ ನಾನು ಕೇಳಿರಲಿಲ್ಲ. ಮಗಳು ನನ್ನ ಹತ್ತಿರ ಬಂದು, "ಇಟ್ಸ್ ಓನ್ಲಿ ಸ್ಯಾಂಡ್, ಅಮ್ಮಾ," ಎಂದು ಮುಖ ಊದಿಸಿಕೊಂಡಳು. ನನಗೂ ಸ್ವಲ್ಪ ಬೇಜಾರಾಯಿತು. ಹಿರಿಯರು, ಮಂಡಿ ನೋವಿರಬೇಕು ಎಂದು ಸುಮ್ಮನಾದೆ.

ಫೆಬ್ರವರಿಯಲ್ಲಿ ಬಿರುಗಾಳಿ ಬಂತು. ವಾರಾಂತ್ಯವೆಲ್ಲ ಮನೆಯೊಳಗೇ ಇದ್ದೆವು. ಕರೆಂಟು ಹೋಯಿತು, ಪಕ್ಕದ ಮನೆಯ ಬೇಲಿ ನಮ್ಮ ಹಿತ್ತಲಿಗೆ ಬಂದು ಬಿತ್ತು. ನಮ್ಮ ಹೆಂಚು ಹಾರಲಿಲ್ಲ, ಯಜಮಾನರು ಡ್ಯೂಟಿ ಮುಗಿಸಿ ಕ್ಷೇಮವಾಗಿ ಬಂದರು. ಅಷ್ಟು ಸಾಕು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಗಾಳಿ ನಿಂತಿತು. ಸೋಮವಾರ ನನಗೆ ಒಪ್ಪತ್ತು. ಪೂಜೆ ಮುಗಿಸಿ ಬರಿಹೊಟ್ಟೆಯಲ್ಲೇ ಬಸ್ಸು ಹತ್ತಿದೆ.

ಹಾದಿ ಉಳಿದಿತ್ತು. ಮರಗಳು ಕುತ್ತಿಗೆಯವರೆಗೂ ಮರಳು ಹಿಡಿದು ನಿಂತಿದ್ದವು. ಡೆಕ್ಲನ್ ಮುಖದಲ್ಲಿ ಹಬ್ಬ. "ನೋಡಿ, ನೋಡಿ," ಎಂದು ಒಂದೊಂದೇ ಮರ ತಟ್ಟಿಕೊಂಡು ಸಾಲಿನ ಕೊನೆಯವರೆಗೂ ನಡೆದ. ಅಲ್ಲಿ ಅವನ ಕಾಲು ನಿಂತಿತು.

ತಗ್ಗಿನ ಮುಂದಿದ್ದ ದಿಬ್ಬವೇ ಇರಲಿಲ್ಲ. ಮರದ ಸಾಲು ತಡೆದ ಗಾಳಿಯೂ ನೀರೂ ಸಾಲಿನ ತುದಿಯಿಂದ ಸುತ್ತಿ ಬಂದು ಇಲ್ಲಿ ಕೊರೆದುಕೊಂಡು ಹೋಗಿದ್ದವು. ಮೈಸೂರುಪಾಕು ಕತ್ತರಿಸಿದ ಹಾಗೆ ನೇರ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಮುಷ್ಟಿಯಷ್ಟು ದೊಡ್ಡ ಬಿಳಿ ಬೆಣಚುಕಲ್ಲುಗಳು. ಅವುಗಳ ಕೆಳಗೆ, ಮರಳಿನಿಂದ ಹೊರಗೆ ಚಾಚಿಕೊಂಡು, ಬಳಪದಷ್ಟು ಸಣ್ಣ ಮೂಳೆಗಳು.

"ಮೊಲ ಇರಬೇಕು," ಎಂದಳು ಈಫಾ.

ನೋರಾ ನಮ್ಮ ಹಿಂದೆ ನಿಂತಿದ್ದರು. "ಮೊಲ ಸತ್ರೆ ಯಾರೂ ಕಲ್ಲು ಇಡಲ್ಲ ಈಫಾ. ಅವು ಮಕ್ಕಳು."

ನನ್ನ ಬಾಯಿಂದ ಮೊದಲು ಬಂದ ಮಾತೇ ಕೆಟ್ಟದ್ದು. "ಯಾರು ಕೊಂದ್ರು?"

"ಯಾರೂ ಕೊಲ್ಲಲಿಲ್ಲ. ಹುಟ್ಟಿದ ತಕ್ಷಣ ಸತ್ತವು. ಕೆಲವು ಹುಟ್ಟೋ ಮುಂಚೆ." ನೋರಾ ಮರಳಿನ ಮೇಲೆ ಮೊಣಕಾಲೂರಿದರು. "ದೀಕ್ಷಾಸ್ನಾನ ಆಗದೆ ಸತ್ತ ಮಕ್ಕಳಿಗೆ ಆಗ ಚರ್ಚಿನ ನೆಲದಲ್ಲಿ ಜಾಗ ಕೊಡ್ತಿರಲಿಲ್ಲ. ಅಪ್ಪಂದಿರು ಮಬ್ಬುಗತ್ತಲಲ್ಲಿ ಇಲ್ಲಿಗೆ ತಂದು ಇಡ್ತಿದ್ರು. ನನ್ನ ತಮ್ಮ ಇಲ್ಲಿದಾನೆ. ಸೋಪಿನ ಪೆಟ್ಟಿಗೇಲಿ ಹೊತ್ಕೊಂಡು ಹೋದ್ರು ನಮ್ಮಪ್ಪ. ನಾನು ಕಿಟಕಿಯಿಂದ ನೋಡಿದ್ದೆ. ಅಮ್ಮ ಹಾಸಿಗೆ ಮೇಲಿದ್ಲು, ಅವಳಿಗೆ ಮುಖಾನೂ ತೋರಿಸಿರಲಿಲ್ಲ."

ಡೆಕ್ಲನ್ ಮರದ ಸಾಲನ್ನೂ ಆ ಗೋಡೆಯನ್ನೂ ತಿರುಗಿ ತಿರುಗಿ ನೋಡುತ್ತಿದ್ದ. "ಇದು ನಮ್ಮ ಸಾಲಿನಿಂದ ಆಗಿದ್ದು," ಎಂದ. "ನೋರಾ, ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಹೇಳೋಕೆ ಬಾಯಿ ಎಲ್ಲಿತ್ತು? ನಮ್ಮಮ್ಮನೇ ಹೇಳಲಿಲ್ಲ. ಸಾಯೋ ತನಕ ಪ್ರತಿ ಭಾನುವಾರ ಈ ಕಡೆ ವಾಕಿಂಗ್ ಬರ್ತಿದ್ಲು. ಒಂದು ದಿನಾನೂ ನಿಲ್ತಿರಲಿಲ್ಲ. ಯಾರಾದ್ರೂ ನೋಡಿದ್ರೆ ಅಂತ."

ಪೊಲೀಸರಿಗೆ ಹೇಳಲೇಬೇಕು, ಹೇಳಿದರು. ಗಾರ್ಡಾ ಎಂದು ಕರೆಯುವ ಇಲ್ಲಿನ ಪೊಲೀಸರೊಬ್ಬರು ಬಂದು ಟೋಪಿ ತೆಗೆದು ನಿಂತರು. ಡಬ್ಲಿನ್ನಿಂದ ಪುರಾತತ್ತ್ವದವರು ಬರಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ ಎಂದರು. ಬಿರುಗಾಳಿ ಎಲ್ಲ ಕಡೆ ಹಾಳು ಮಾಡಿದ್ದರಿಂದ ಅವರು ಬರುವುದು ಮುಂದಿನ ವಾರ.

"ಭಾನುವಾರ ದೊಡ್ಡ ಉಬ್ಬರ ಇದೆ," ಎಂದ ಡೆಕ್ಲನ್.

ಕ್ಯಾಲೆಂಡರಿನಲ್ಲಿ ನಾನೂ ನೋಡಿದ್ದೆ. ಭಾನುವಾರ ಭಾರತ ಹುಣ್ಣಿಮೆ.

ಅವರೆಲ್ಲ ಫೋನು ಹಿಡಿದು ಓಡಾಡುವಾಗ ನಾನು ನೋರಾರನ್ನು ಕಚೇರಿಗೆ ಕರೆದುಕೊಂಡು ಬಂದು ಹೀಟರಿನ ಪಕ್ಕ ಕೂರಿಸಿದೆ. ಅವರ ಕೈ ಹಿಡಿದುಕೊಂಡೆ, ಆದರೆ ನನ್ನ ಮನಸ್ಸೇ ಹಿಡಿತದಲ್ಲಿರಲಿಲ್ಲ. ದೇವರ ಹೆಸರಿನಲ್ಲಿ ಹೀಗೂ ಮಾಡುತ್ತಾರೆಯೇ? "ಅಷ್ಟು ಎಳೇ ಕೂಸಿಗೆ ಯಾವ ಪಾಪ ಇರುತ್ತೆ?" ಎಂದು ಕೇಳಿಬಿಟ್ಟೆ.

"ಹುಟ್ಟೋವಾಗಲೇ ಬರುತ್ತಂತೆ. ನೀರು ಹಾಕಿ ತೊಳೆಯೋ ತನಕ ಇರುತ್ತಂತೆ. ಈಗ ಹಾಗೆ ಹೇಳಲ್ಲ. ಆಗ ಹೇಳ್ತಿದ್ರು."

ಆಮೇಲೆ ಅವರೇ ಕೇಳಿದರು. "ನಿಮ್ಮಲ್ಲಿ ಸತ್ತವರನ್ನು ಸುಡ್ತೀರಲ್ಲ. ಇಂಥ ಮಕ್ಕಳನ್ನೂ ಸುಡ್ತೀರಾ?"

"ಇಲ್ಲ. ಹಲ್ಲು ಬರದ ಕೂಸನ್ನ ಹೂಳ್ತಾರೆ. ಬೇರೆ ಕಡೆ."

ನೋರಾ ನನ್ನ ಕೈಯಿಂದ ಕೈ ಬಿಡಿಸಿಕೊಂಡರು. "ನಿಮ್ಮಲ್ಲೂ ಹೊರಗೇ ಹಾಕ್ತಾರೆ ಹಾಗಾದ್ರೆ."

"ಹೊರಗೆ ಹಾಕೋದಲ್ಲ," ಎಂದೆ. ನಮ್ಮಜ್ಜಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದೆ. "ಬೆಂಕಿ ಬೇಕಾಗೋದು ನಮ್ಮಂಥವರಿಗೆ. ಬದುಕಿ, ತಪ್ಪು ಮಾಡಿ, ಮೈಗೆ ಕೊಳೆ ಅಂಟಿಸಿಕೊಂಡವರಿಗೆ. ಕೂಸಿನ ಮೈಯಲ್ಲಿ ಸುಟ್ಟು ಶುದ್ಧ ಮಾಡೋಕೆ ಏನೂ ಇಲ್ಲ. ಅದು ಬಂದ ಹಾಗೇ ಇರುತ್ತೆ. ಅದಕ್ಕೇ ಮಣ್ಣಿಗೆ ಕೊಡೋದು."

ಅವರು ನನ್ನ ಮುಖವನ್ನೇ ನೋಡಿದರು. "ಇನ್ನೊಂದ್ಸಲ ಹೇಳು."

ಹೇಳಿದೆ. ಅವರು ಅಳಲಿಲ್ಲ. ಅಷ್ಟು ವಯಸ್ಸಾದ ಮುಖದಲ್ಲಿ ಅಷ್ಟು ದಿಗ್ಭ್ರಮೆಯನ್ನು ನಾನು ನೋಡಿದ್ದು ಅದೊಂದೇ ಸಲ. ಎರಡು ಕಡೆಯವರೂ ಮಾಡಿದ್ದು ಒಂದೇ: ಊರಾಚೆ ಮಣ್ಣಿನಲ್ಲಿಟ್ಟು ಬಂದದ್ದು. ಕಾರಣ ಮಾತ್ರ ತಲೆಕೆಳಗು.

ಆ ಸಂಜೆ ದೀಪ ಹಚ್ಚಿದರೂ ಬಾಯಿಂದ ಏನೂ ಹೊರಡಲಿಲ್ಲ. ಯಜಮಾನರಿಗೆ ಹೇಳಿದಾಗ ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ಈಗ ಆಸ್ಪತ್ರೇಲಿ ಸತ್ತು ಹುಟ್ಟಿದ ಮಗೂನ ತಾಯಿ ಕೈಗೆ ಕೊಡ್ತಾರೆ ಶೈಲಾ. ಬೇಕಾದಷ್ಟು ಹೊತ್ತು ಇಟ್ಕೊಳ್ಳಿ ಅಂತಾರೆ. ಪಾದದ ಅಚ್ಚು ತೆಗೆದು ಕೊಡ್ತಾರೆ." ಮಾನ್ಯ ಬಂದು ನನ್ನ ಮಗ್ಗುಲಲ್ಲಿ ಕೂತಳು. ಅವಳು ಆ ತಗ್ಗಿಗೆ ಜಾರಿದ್ದವಳು.

ಭಾನುವಾರದೊಳಗೆ ಏನಾದರೂ ಅಡ್ಡ ಇಡಬೇಕಿತ್ತು. ಕಲ್ಲು ಹಾಕೋಣವೆಂದರೆ, ಮರಳುಚೀಲ ಇಡೋಣವೆಂದರೆ ಕಾನೂನು ಬಿಡದು. "ಆ ಕಾನೂನು ಬೇಕು ಅಂತ ಹಟ ಹಿಡಿದಿದ್ದು ನಾವೇ," ಎಂದ ಡೆಕ್ಲನ್. "ನಮಗೆ ಅನುಮತಿ ಇರೋದು ಕೈಯಲ್ಲಿ ನೆಟ್ಟ ಮರಕ್ಕೆ ಮಾತ್ರ." ಹೊಸ ಮರ ಎಲ್ಲಿಂದ ತರುವುದು? ಫೆಬ್ರವರಿ ಬಂದಾಗಿತ್ತು, ಊರಲ್ಲಿ ಒಂದೂ ಉಳಿದಿರಲಿಲ್ಲ. ಗುರುವಾರ ಅವನು ಹಾದಿಯ ಮುಂದಿನ ಸಾಲಿಗೆ ಹೋಗಿ ಮೊದಲನೆಯ ಮರದ ಬುಡ ಬಗೆಯತೊಡಗಿದ.

"ಹಾದಿ ಹೋಗುತ್ತೆ ಡೆಕ್ಲನ್," ಎಂದಳು ಈಫಾ.

"ಹೋಗ್ಲಿ."

"ಊರವರು ಏನಂತಾರೆ?"

"ಬಂದು ಅನ್ನಲಿ."

ಶನಿವಾರ ಊರವರು ಬಂದರು. ಸುದ್ದಿ ಹರಡಿತ್ತು. ನಾನು ಜಗಳಕ್ಕೆಂದೇ ತಿಳಿದೆ. ಮುದುಕರು, ಮುದುಕಿಯರು, ಒಬ್ಬೊಬ್ಬರೇ, ಒಬ್ಬರಿಗೊಬ್ಬರು ದೂರ ಬಿಟ್ಟುಕೊಂಡು ಮರಳ ಮೇಲೆ ನಡೆದು ಬರುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಂದವರು ಕೋಟು ಬಿಚ್ಚಿ ಮರಕ್ಕೆ ಕೈ ಹಾಕಿದರು. ಕೊನೆಗೆ ಪ್ಯಾಟ್ ಬಂದರು, ಕೈಯಲ್ಲಿ ಸಲಿಕೆ.

ನೋರಾ ತಮಾಷೆಯನ್ನೇ ಕಾದವರಂತೆ ನೆಟ್ಟಗೆ ನಿಂತರು. "ಏನು, ಐಸ್‌ಕ್ರೀಂ ಗಾಡಿಗೆ ಜಾಗ ನೋಡೋಕೆ ಬಂದೆಯಾ?"

ಪ್ಯಾಟ್ ತಗ್ಗಿನ ಕಡೆ ನೋಡಿದರು. "ನನ್ನ ತಂಗಿ ಇದಾಳೆ ನೋರಾ. ಅಲ್ಲಿ."

ಜೀವಮಾನವೆಲ್ಲ ದಿನಾ ಮಾತಾಡಿಕೊಂಡ ಇಬ್ಬರು. ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಮರದ ಇನ್ನೊಂದು ತುದಿ ಹಿಡಿದ ಹೆಂಗಸು ತಲೆಯೆತ್ತದೆ, "ನಮ್ಮದು ಎರಡು," ಎಂದಳು. ಅವಳ ಹಿಂದಿದ್ದವರು, "ನನ್ನದೇ ಮಗು," ಎಂದರು. ಹಾಗೆಂದವರಿಗೆ ಆಗಲೇ ತೊಂಬತ್ತರ ಹತ್ತಿರ. ನಾನು ಮರಳಲ್ಲೇ ಕೂತುಬಿಟ್ಟೆ. ಮೂಳೆ ಕಂಡಾಗಲೂ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ಇಡೀ ಊರೇ ಒಂದು ತಗ್ಗನ್ನು ಬಲ್ಲದು, ಮನೆಮನೆಯೂ ತನಗೊಂದಕ್ಕೇ ಗೊತ್ತು ಅಂದುಕೊಂಡು ಬಾಯಿ ಹೊಲಿದುಕೊಂಡಿತ್ತು.

ಎದ್ದು ಒಂದು ಮರದ ತುದಿ ಹಿಡಿದೆ. ಕತ್ತಲಾಗುವುದರೊಳಗೆ ತಗ್ಗಿನ ಮುಂದೆ ಎರಡು ಸಾಲು ನಿಂತವು, ಮೂಳೆಗೆ ಯಾರ ಕೈಯೂ ತಾಕಲಿಲ್ಲ.

ಭಾನುವಾರದ ಉಬ್ಬರ ಹಾದಿಯನ್ನು ನುಂಗಿತು. ಕಾರು ನಿಲ್ಲಿಸುವ ಜಾಗದ ಅರ್ಧ ಡಾಂಬರು ಮುರಿದು ಹೋಯಿತು. ಹೊರಗಿನ ಸಾಲಿನ ಮರಗಳೂ ಹೋದವು. ಒಳಗಿನ ಸಾಲು ನಿಂತಿತು, ಅದರ ಹಿಂದಿನ ಗೋಡೆಯೂ. ಡಬ್ಲಿನ್ನಿನವರು ಬಂದು ಕುಂಚದಲ್ಲಿ ಒಂದೊಂದೇ ಕಾಳು ಮರಳು ಸರಿಸಿ ಮಕ್ಕಳನ್ನು ಎತ್ತಿದರು. ಮೂಳೆಗಳು ಒಂದರೊಳಗೊಂದು ಸೇರಿಹೋಗಿದ್ದವು. ಯಾರು ಯಾರೆಂದು ಬೇಕಾದರೆ ಪರೀಕ್ಷೆ ಮಾಡಿ ಹೇಳುತ್ತೇವೆ ಎಂದರು. ಊರವರು ಬೇಡವೆಂದರು.

ಆಮೇಲಿನದು ಎಲ್ಲಿಡುವುದೆಂಬ ಮಾತು. ಹೊಸದಾಗಿ ಬಂದಿದ್ದ ಪಾದ್ರಿಗಳು ಕಚೇರಿಗೇ ಬಂದು ಚರ್ಚಿನ ನೆಲ ಕೊಡುತ್ತೇವೆ ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ತಲೆ ತಗ್ಗಿಸಿದ್ದರು. ನೋರಾ ಡೆಕ್ಲನ್ ಕಡೆ ತಿರುಗಿದರು. "ಅಲ್ಲೇ ತಗ್ಗಲ್ಲೇ ವಾಪಸ್ ಇಟ್ರೆ?"

ಅವನು ಸುಳ್ಳು ಹೇಳಬಹುದಿತ್ತು. "ಈ ಚಳಿಗಾಲ ಉಳೀತು. ಮುಂದೆ ಯಾವುದೋ ಒಂದು ಚಳಿಗಾಲ ಆ ಜಾಗವೇ ಇರಲ್ಲ ನೋರಾ. ಎಷ್ಟು ಮರ ನೆಟ್ರೂ ಅಷ್ಟೆ."

"ಬೇಡ ಅಂದವರ ಮನೆಗೆ ಈಗ ಕಳಿಸಬೇಕು. ಇಲ್ಲಾ ಸಮುದ್ರಕ್ಕೆ ಕೊಡಬೇಕು." ಅವರು ಯಾರನ್ನೂ ನೋಡದೆ ಹೇಳಿದರು.

ಊರವರು ತೀರ್ಮಾನವನ್ನು ನೋರಾಗೇ ಬಿಟ್ಟರು; ವಾರಗಟ್ಟಲೆ ಅವರು ಹೇಳಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಪಾದ್ರಿಗಳನ್ನು ಹುಡುಕಿಕೊಂಡು ಹೋದರಂತೆ. ನಿಮ್ಮ ಹೊಸ ನೆಲ ಬೇಡ, ನಮ್ಮಮ್ಮನ ಗೋರಿ ತೆಗೆಸಿ, ಅವಳ ಮೇಲೆ ಮಲಗಿಸಿ, ಎಲ್ಲರನ್ನೂ ಒಟ್ಟಿಗೆ, ಎಂದರಂತೆ. ಪ್ಯಾಟ್‌ಗೆ ಹೇಳಿದಾಗ ನಾನು ಅಂಗಡಿಯಲ್ಲೇ ಇದ್ದೆ.

"ಬೇರೆಯವರ ಮಕ್ಕಳು ಅಂತ ಅವಳು ಬೇಡ ಅನ್ನಲ್ಲ," ಎಂದರು ನೋರಾ.

"ಎತ್ಕೊಳ್ಲಿ," ಎಂದರು ಪ್ಯಾಟ್. "ನಮ್ಮಮ್ಮನಿಗೂ ಎತ್ಕೊಳ್ಳೋಕೆ ಬಿಟ್ಟಿರಲಿಲ್ಲ."

ಮಣ್ಣು ಮಾಡಿದ ದಿನ ಮಳೆ ಬರಲಿಲ್ಲ. ಪುಟ್ಟದೊಂದು ಪೆಟ್ಟಿಗೆ, ಎಲ್ಲರೂ ಅದರೊಳಗೆ. ಡೆಕ್ಲನ್, ಈಫಾ, ನಮ್ಮ ಯಜಮಾನರು, ಮಾನ್ಯ, ಎಲ್ಲ ಇದ್ದೆವು. ನಮ್ಮ ಕಡೆ ಮಣ್ಣು ಕೊಟ್ಟ ಮೇಲೆ ಹಾಲುತುಪ್ಪ ಬಿಡುವ ಪದ್ಧತಿ. ನಾನು ಬೆಳಿಗ್ಗೆ ಸ್ನಾನ ಮಾಡಿ, ಒಂದು ಸ್ಟೀಲ್ ಚೊಂಬಿನಲ್ಲಿ ಹಾಲು ತುಂಬಿ ಒಂದು ಚಮಚ ತುಪ್ಪ ಹಾಕಿ ತಂದಿದ್ದೆ. ಕೊಡಲೋ ಬೇಡವೋ ಎಂದು ಸೆರಗಿನಲ್ಲೇ ಮರೆಮಾಡಿಕೊಂಡಿದ್ದೆ. ಪಾದ್ರಿಗಳ ಪ್ರಾರ್ಥನೆ ಮುಗಿದು ಮಣ್ಣು ಮುಚ್ಚಿದ ಮೇಲೆ ಅವರನ್ನೇ ಕೇಳಿದೆ. ಅವರು ನೋರಾ ಕಡೆ ಕೈ ತೋರಿಸಿದರು.

"ಇದು ಏನು?" ಎಂದರು ನೋರಾ.

"ಹಾಲು. ಮಣ್ಣಿಗೆ ಬಿಡೋದು. ಕೂಸುಗಳು ಹಸಿದು ಹೋಗಬಾರದು ಅಂತ."

ನೋರಾ ಚೊಂಬು ಎರಡು ಕೈಯಲ್ಲಿ ತೆಗೆದುಕೊಂಡು ಬಗ್ಗಿದರು. ಹೊಸ ಮಣ್ಣು ಹಾಲನ್ನು ಒಂದೇ ಸಲಕ್ಕೆ ಎಳೆದುಕೊಂಡಿತು. ಚೊಂಬು ಖಾಲಿಯಾಯಿತು. ಅವರು ಅದನ್ನು ಬೋರಲು ಹಿಡಿದುಕೊಂಡೇ ನಿಂತರು.

"ಅಷ್ಟು ಜನಕ್ಕೆ ಅದೆಲ್ಲಿ ಸಾಕಾಗುತ್ತೆ," ಎಂದರು ಪ್ಯಾಟ್. ವ್ಯಾನಿನ ಕೀಲಿಗಾಗಿ ಜೇಬು ತಡಕುತ್ತ ಗೇಟಿನ ಕಡೆ ಹೊರಟರು. "ಯಾರೂ ಹೋಗ್ಬೇಡಿ. ಅಂಗಡೀಲಿ ಹಾಲಿದೆ, ತರ್ತೀನಿ."